ಹುಲುಗಪ್ಪನ ಹಿಡಿಕೆ

ಹರಪನಹಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ಕುರ್ಚಿಯ ಕಾಲು ಮುರಿದರೂ, ಕೊಡದ ಕಂಠ ಬಿಟ್ಟರೂ, ‘ಹುಲುಗಪ್ಪನ ವೆಲ್ಡಿಂಗ್ ಇರಬೇಕು ಬಿಡು’ ಎನ್ನುವ ಮಾತು ಈಗಲೂ ಉಂಟು. ಹಾಗೆನ್ನುವವರಲ್ಲಿ ಅರ್ಧಕ್ಕರ್ಧ ಮಂದಿ ಹುಲುಗಪ್ಪನನ್ನು ನೋಡಿದವರೂ ಅಲ್ಲ. ಮೊನ್ನೆ ಒಬ್ಬ ನನ್ನ ಅಂಗಡಿಯ ಮುಂದೆಯೇ ಹಾಗೆಂದ. ಅವನದೇ ಬೈಕಿನ ನಂಬರ್ ಬರೆಯುತ್ತಿದ್ದೆ. ಎರಡು ಅಂಕಿ ಬಾಕಿ ಇರುವಾಗಲೇ ಬ್ರಷ್ ಕೆಳಗಿಟ್ಟು, ಮಿಕ್ಕಿದ್ದು ಬೇರೆಯವರ ಹತ್ತಿರ ಬರೆಸಿಕೋ ಹೋಗು ಎಂದೆ. ಮೂಗಿನ ತುದಿಯಲ್ಲೇ ಸಿಟ್ಟು ಇರುವವನು ಎಂದು ಊರಲ್ಲಿ ನನಗೆ ಮೊದಲೇ ಹೆಸರಿದೆ. ಇರಲಿ.

ಹುಲುಗಪ್ಪ ತೀರಿಕೊಂಡು ಈ ಬೇಸಿಗೆಗೆ ವರ್ಷವಾಯಿತು. ಅವನ ಹೆಂಡತಿ ಪಕ್ಕೀರಮ್ಮ ಅವನಿಗಿಂತ ಮುಂಚೆ ಹೋದಳು. ಇಬ್ಬರೂ ಇಲ್ಲವಾದ್ದರಿಂದ ಈಗ ಹೇಳಬಹುದು. ಅವರ ಮಗ ಪ್ರಬುದ್ಧ ಸತ್ತದ್ದು ಅಪ್ಪನ ವೆಲ್ಡಿಂಗ್ ಬಿಟ್ಟು ಅಲ್ಲ. ಆ ಬೆಸುಗೆಯನ್ನು ನಾನು ಕಣ್ಣಾರೆ ನೋಡಿದ್ದೇನೆ, ಕೈಯಾರೆ ಮುಟ್ಟಿದ್ದೇನೆ. ಹಾಗಿದ್ದೂ ಊರು ಆಡಿಕೊಳ್ಳುವಾಗ ಇಷ್ಟು ವರ್ಷ ಬಾಯಿ ಮುಚ್ಚಿಕೊಂಡಿದ್ದೆ, ಯಾಕೆಂದರೆ ಮುಚ್ಚಿಕೊಂಡಿರು ಎಂದವನು ಹುಲುಗಪ್ಪನೇ.

ಕೊಟ್ಟೂರು ರಸ್ತೆಯಲ್ಲಿ ನನ್ನ ಅಂಗಡಿಗೂ ಅವನ ಶೆಡ್ಡಿಗೂ ನಡುವೆ ಒಂದೇ ತಗಡಿನ ಗೋಡೆ. ಈ ಕಡೆ ನಾನು ನಂಬರ್ ಪ್ಲೇಟು, ಅಂಗಡಿ ಬೋರ್ಡು, ಜೀಪಿನ ಹಣೆಗೆ ದೇವರ ಹೆಸರು, ಚಿತ್ರ ಬರೆಯುವವನು. ಆ ಕಡೆ ಅವನು ತಗಡು ಬಡಿಯುವವನು. ಟಿಂಕರ್ ಹುಲುಗಪ್ಪ ಎಂದರೆ ಹಡಗಲಿ, ಕೂಡ್ಲಿಗಿ ಕಡೆಯ ಡ್ರೈವರುಗಳಿಗೂ ಗೊತ್ತಿತ್ತು. ಅವನು ಬಡಿಯಲು ಶುರುಮಾಡಿದರೆ ನನ್ನ ಗೋಡೆಯೂ ಅಲುಗುತ್ತಿತ್ತು, ಗೆರೆಯೂ ಅಲುಗುತ್ತಿತ್ತು.

“ಹುಲುಗಪ್ಪಣ್ಣ, ಒಂದೀಟು ನಿಲ್ಸಪ್ಪ. ಬಸವಣ್ಣನ ಬಾಲ ಸೊಟ್ಟಗಾಗ್ತೈತಿ,” ಎಂದು ಕೂಗುತ್ತಿದ್ದೆ.

“ನೆಟ್ಟಗ ಬಾಲ ಇರೋ ಬಸವಣ್ಣನ್ನ ನೀ ಎಲ್ಲಿ ನೋಡೀಯಲೇ ಮಂಜಣ್ಣ,” ಎಂದು ಆ ಕಡೆಯಿಂದ ಉತ್ತರ ಬರುತ್ತಿತ್ತು, ಬಡಿತ ನಿಲ್ಲುತ್ತಿರಲಿಲ್ಲ.

ಅವನ ಕೆಲಸದಲ್ಲಿ ಒಂದು ರೀತಿ ಇತ್ತು. ಜಜ್ಜಿಹೋದ ಮಡ್‌ಗಾರ್ಡ್ ತಂದ ಡ್ರೈವರನ್ನು ಮೊದಲು ಬೆಂಚಿನ ಮೇಲೆ ಕೂರಿಸಿ, ಏನಾಯಿತೆಂದು ಪೂರಾ ಕೇಳುತ್ತಿದ್ದ. ಮೊದಲ ಪೆಟ್ಟು ಎಲ್ಲಿ ಬಿತ್ತು, ಆಮೇಲೆ ಎಲ್ಲಿ ತಾಗಿತು, ಕೊನೆಗೆ ಎಲ್ಲಿ ನಿಂತಿತು. ಕೊನೆಯ ಪೆಟ್ಟನ್ನು ಮೊದಲು ತೆಗೆಯಬೇಕು, ಮೊದಲಿನದನ್ನು ಕೊನೆಗೆ. ಹಿಂದುಮುಂದಾಗಿ ಬಡಿದರೆ ತಗಡು ಹಿಗ್ಗಿ ಹಪ್ಪಳವಾಗುತ್ತದೆ ಎನ್ನುತ್ತಿದ್ದ. ಡ್ರೈವರುಗಳು ಸುಳ್ಳು ಹೇಳುವುದರಲ್ಲಿ ಪಳಗಿದವರು. ಎಮ್ಮೆ ಅಡ್ಡ ಬಂತು ಎಂದವನ ಮಡ್‌ಗಾರ್ಡನ್ನು ಒಮ್ಮೆ ಸವರಿ, ಆ ಎಮ್ಮೆ ಕರೆಂಟ್ ಕಂಬ ಹೊತ್ತುಕೊಂಡು ಬಂದಿತ್ತೇನು ಎಂದು ಕೇಳಿದ್ದ. ಆ ಡ್ರೈವರ್ ಸಹ ನಕ್ಕುಬಿಟ್ಟ.

ಆ ದಿನಗಳಲ್ಲಿ ಹಳ್ಳಿಗಳಿಗೆ ಬಸ್ಸು ಕಡಿಮೆ, ಸರ್ವಿಸ್ ಜೀಪುಗಳದ್ದೇ ಕಾರುಬಾರು. ಒಳಗೆ ಒತ್ತಿ ತುಂಬಿ, ಹಿಂದೆ ಜೋತುಬಿದ್ದು, ಜಾಗ ಸಾಲದೆ ಮುಂದಿನ ಮಡ್‌ಗಾರ್ಡುಗಳ ಮೇಲೂ ಜನ ಕೂರುತ್ತಿದ್ದರು. ಬಾನೆಟ್ಟಿನ ಎರಡೂ ಪಕ್ಕ, ಚಕ್ರದ ಮೇಲೆ ಚಪ್ಪಟೆಯಾಗಿ ಚಾಚಿಕೊಂಡ ಆ ತಗಡನ್ನು ಕಂಪನಿಯವರು ಕೆಸರು ಸಿಡಿಯದಿರಲೆಂದು ಮಾಡಿದ್ದರು. ನಮ್ಮ ಜನಕ್ಕೆ ಅದು ಸೀಟು. ಕೂತವನಿಗೆ ಹಿಡಿದುಕೊಳ್ಳಲು ಏನೂ ಇರಲಿಲ್ಲ. ಬಾನೆಟ್ಟಿನ ಅಂಚು ಹಿಡಿದರೆ ಕೈ ಸುಡುತ್ತಿತ್ತು. ಅದಕ್ಕೆ ಹುಲುಗಪ್ಪ ಒಂದು ಹಿಡಿಕೆ ಮಾಡಿದ. ದಪ್ಪ ಕಂಬಿಯನ್ನು ಬಗ್ಗಿಸಿ ಮಡ್‌ಗಾರ್ಡಿಗೆ ಬೆಸೆದು, ತಗಡು ಹರಿಯದಂತೆ ಅಡಿಯಲ್ಲಿ ಕಬ್ಬಿಣದ ಪಟ್ಟಿ ಕೊಟ್ಟು, ಮೇಲೆ ಸೈಕಲ್ ಟ್ಯೂಬ್ ಸುತ್ತುತ್ತಿದ್ದ. ಬೆಸುಗೆ ಆರಿದ ಮೇಲೆ ಹಗ್ಗ ಕಟ್ಟಿ ಅಲ್ಲಿದ್ದ ಗಂಡಸರಿಂದೆಲ್ಲ ಜಗ್ಗಿಸುತ್ತಿದ್ದ. ಜೀಪು ಅಲ್ಲಾಡಬೇಕು, ಹಿಡಿಕೆ ಅಲ್ಲಾಡಬಾರದು. ನೋಡನೋಡುತ್ತ ಸುತ್ತಲಿನ ಜೀಪುಗಳೆಲ್ಲ ಹುಲುಗಪ್ಪನ ಹಿಡಿಕೆ ಹಾಕಿಸಿಕೊಂಡವು. ಅದು ಇಲ್ಲದ ಜೀಪಿನ ಮುಂದೆ ಕೂರಲು ಜನ ಹಿಂದೆಮುಂದೆ ನೋಡುತ್ತಿದ್ದರು.

ನಾನು ಬೈಯುತ್ತಿದ್ದೆ. ಅಲ್ಲಿ ಕೂರುವುದೇ ತಪ್ಪು, ನೀನು ಅದಕ್ಕೆ ಸಿಂಹಾಸನದ ಕಳೆ ಕೊಡುತ್ತಿದ್ದೀಯ ಎನ್ನುತ್ತಿದ್ದೆ.

“ನಾ ಬ್ಯಾಡಂದ್ರ ಬಿಡ್ತಾರೇನು? ಹೆಂಗೂ ಕುಂದರ್ತಾರ. ಹಿಡಕಳಾಕ ಒಂದಿರ್ಲಿ,” ಎನ್ನುತ್ತಿದ್ದ.

ಹುಲುಗಪ್ಪನಿಗೆ ಇಬ್ಬರು ಮಕ್ಕಳು. ಹಿರಿಯಳು ಸುಮಂಗಲಾ, ಹಗರಿಬೊಮ್ಮನಹಳ್ಳಿಗೆ ಕೊಟ್ಟಿದ್ದರು. ಕಿರಿಯವನು ಪ್ರಬುದ್ಧ. ಆ ಹೆಸರು ಇಟ್ಟದ್ದು ಸೋದರಮಾವ. ಪಕ್ಕೀರಮ್ಮನಿಗೆ ಅದು ಕೊನೆಯವರೆಗೂ ನಾಲಿಗೆಗೆ ಒಗ್ಗಲಿಲ್ಲ, ‘ಪಬುದ್ಧ’ ಎಂದೇ ಕರೆದಳು. ಹುಡುಗ ಹಾಸ್ಟೆಲಿನಲ್ಲಿದ್ದು ಓದಿದ, ಮೇಷ್ಟ್ರಾದ. ನಮ್ಮ ತಾಲ್ಲೂಕು ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋದ ಮರುವರ್ಷ ಅವನಿಗೆ ಉಚ್ಚಂಗಿದುರ್ಗದ ಬುಡದ ಒಂದು ಹಳ್ಳಿಯ ಶಾಲೆಯಲ್ಲಿ ನೌಕರಿ ಸಿಕ್ಕಿತು. ಮಗನ ನೌಕರಿಯ ಆರ್ಡರ್ ಬಂದ ದಿನ ಹುಲುಗಪ್ಪ ಸುತ್ತಿಗೆ ಮುಟ್ಟಲಿಲ್ಲ. ಬೆಂಚಿನ ಮೇಲೆ ಕೂತು, ಹೋಗುವವರನ್ನೆಲ್ಲ ಕರೆದು ಚಹಾ ಕುಡಿಸಿದ. ಅವನ ಶೆಡ್ಡು ಅಷ್ಟು ಹೊತ್ತು ನಿಶ್ಶಬ್ದವಾಗಿದ್ದದ್ದನ್ನು ನಾನು ಅದೇ ಮೊದಲು ಕಂಡದ್ದು.

ಮನೆಯಲ್ಲಿ ಒಂದೇ ಒಂದು ವಿಷಯಕ್ಕೆ ಜಗಳ. ಪಕ್ಕೀರಮ್ಮ ಉಚ್ಚಂಗಿದುರ್ಗದ ಗುಡ್ಡದ ಮೇಲಿನ ದೇವಿ ಉಚ್ಚೆಂಗೆಮ್ಮನ ಒಕ್ಕಲು. ಹುಣ್ಣಿಮೆಗೊಮ್ಮೆ ಗುಡ್ಡ ಹತ್ತದಿದ್ದರೆ ಅವಳಿಗೆ ಅನ್ನ ಸೇರದು. ಪ್ರಬುದ್ಧ ದೇವರಿಗೆ ಕೈ ಮುಗಿಯುತ್ತಿರಲಿಲ್ಲ. ಪಕ್ಕೀರಮ್ಮನ ತಾಯಿಗೆ ಎಳೆಯ ವಯಸ್ಸಿನಲ್ಲಿ ದೇವರ ಹೆಸರು ಹೇಳಿ ಮುತ್ತು ಕಟ್ಟಿದ್ದರು. ಗಂಡ ಎನ್ನುವವನಿಲ್ಲದೆ, ಯಾರ್ಯಾರದೋ ಮರ್ಜಿಯಲ್ಲಿ ಆಕೆ ಬಾಳಿ ಸತ್ತಳು. ಅಜ್ಜಿಯನ್ನು ಹಾಗೆ ಬಾಳಿಸಿದ ಹೆಸರಿಗೆ ನನ್ನ ಕೈ ಏಳುವುದಿಲ್ಲ ಎನ್ನುತ್ತಿದ್ದ ಹುಡುಗ. ಪಕ್ಕೀರಮ್ಮನಿಗೆ ಇದು ತಿಳಿಯುತ್ತಿರಲಿಲ್ಲ. ಮನುಷ್ಯರು ಮಾಡಿದ್ದಕ್ಕೆ ಆಯಮ್ಮ ಏನು ಮಾಡುತ್ತಾಳೆ ಎನ್ನುತ್ತಿದ್ದಳು. ಇಬ್ಬರ ಮಾತಲ್ಲೂ ಹುರುಳಿತ್ತು ಎಂದು ನನಗೆ ಆಗಲೂ ಅನಿಸಿತ್ತು, ಈಗಲೂ ಅನಿಸುತ್ತದೆ.

ದುರ್ಗದ ದಾರಿಯಲ್ಲಿ ಒಂದು ಹುಣಸೆ ಮರದ ತಿರುವು ಬರುತ್ತದೆ. ಅದನ್ನು ದಾಟಿದ ಕೂಡಲೇ ಗುಡ್ಡ ಎದುರಿಗೆ ಪೂರಾ ಕಾಣುತ್ತದೆ. ಕಂಡ ಕೂಡಲೇ ಜೀಪಿನಲ್ಲಿದ್ದವರೆಲ್ಲ ಕೈ ಎತ್ತಿ ಮುಗಿಯುತ್ತಾರೆ. ಕಂಕುಳಲ್ಲಿ ಕೂಸಿದ್ದವಳು ಕೂಸಿನ ಕೈ ಜೋಡಿಸುತ್ತಾಳೆ, ಹಿಂದೆ ಜೋತುಬಿದ್ದವನು ಒಂದು ಕೈ ಬಿಟ್ಟು ಎದೆ ಮುಟ್ಟಿಕೊಳ್ಳುತ್ತಾನೆ. ಡ್ರೈವರೂ ಒಂದು ಗಳಿಗೆ ಸ್ಟೇರಿಂಗ್ ಬಿಡುತ್ತಾನೆ. ಇದು ಹೊರಗಿನವರಿಗೆ ಹುಚ್ಚಾಟ ಅನಿಸಬಹುದು, ನಮ್ಮವರಿಗೆ ಹಾಗೆ ಮಾಡದಿರುವುದೇ ಹುಚ್ಚಾಟ. ಪ್ರಬುದ್ಧ ಮಾತ್ರ ಎಡಗಡೆಯ ಮಡ್‌ಗಾರ್ಡಿನ ಮೇಲೆ ಅಪ್ಪ ಹಾಕಿದ ಹಿಡಿಕೆ ಹಿಡಿದು ಸುಮ್ಮನೆ ಕೂತಿರುತ್ತಾನೆ ಎಂದು ಯಾರೋ ಪಕ್ಕೀರಮ್ಮನಿಗೆ ಚಾಡಿ ಹೇಳಿದರು.

ಮುಂದಿನ ಹುಣ್ಣಿಮೆಯ ಬೆಳಿಗ್ಗೆ ಅವಳು ಮಗನ ಬೆನ್ನು ಹತ್ತಿ ಶೆಡ್ಡಿಗೇ ಬಂದಳು. ಹುಡುಗ ದಿನಾ ಶಾಲೆಗೆ ಹೋಗುತ್ತಿದ್ದ ಬೆನಕಪ್ಪನ ಸರ್ವಿಸ್ ಜೀಪು ಇನ್ನೂ ಬಂದಿರಲಿಲ್ಲ. ಶೆಡ್ಡಿನಲ್ಲಿ ಇದ್ದದ್ದು ಅವರು ಮೂವರು ಮತ್ತು ಬ್ರಷ್ ತೊಳೆಯಲು ಸ್ಪಿರಿಟ್ ಕೇಳಲು ಹೋಗಿದ್ದ ನಾನು.

“ನೋಡಪ್ಪ, ನಿನಗ ನೌಕರಿ ಕೊಟ್ಟಾಕಿ ಆಯಮ್ಮ. ಇವತ್ತ ಗುಡ್ಡ ಕಂಡ ಕೂಡ್ಲೆ ಒಮ್ಮಿ ಕೈ ಮುಗಿ,” ಎಂದಳು.

“ನೌಕರಿ ಓದಿದ್ದಕ್ಕ ಬಂದೈತವ್ವ.”

“ಓದಾಕ ಬುದ್ಧಿ ಕೊಟ್ಟೋರ್ಯಾರು?”

“ನೀನು,” ಎಂದ ಪ್ರಬುದ್ಧ. ಹುಲುಗಪ್ಪ ನಕ್ಕ. ಪಕ್ಕೀರಮ್ಮ ನಗಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು ಅಳಲು ಶುರುಮಾಡಿದಳು. ತನ್ನ ಹೊಟ್ಟೆಯಲ್ಲಿ ಹುಟ್ಟಿದವನು ತನ್ನ ಒಂದು ಮಾತು ನಡೆಸಲಿಲ್ಲ, ತಾನು ಸತ್ತರೆ ತನ್ನ ಹೆಣಕ್ಕಾದರೂ ಕೈ ಮುಗಿಯುತ್ತಾನೋ ಇಲ್ಲವೋ ಎಂದಳು. ತಾಯಂದಿರು ಇಂಥ ಮಾತಿಗೆ ಬಂದರೆ ಯಾವ ಓದು ತಾನೇ ನಿಲ್ಲುತ್ತದೆ.

“ಆತವ್ವ, ಮುಗೀತೀನಿ. ಅಳಬ್ಯಾಡ.”

“ಹಂಗಲ್ಲ. ಒಂದ ಕೈಲೆ ಎದಿ ಮುಟ್ಕಂಡು ಮುಗಿಸಿಬಿಡ್ತಿ ನೀನು. ಎರಡೂ ಕೈ ಜೋಡಿಸಬೇಕು.”

“ಎರಡೂ ಕೈ ಜೋಡಿಸ್ತೀನಿ. ನಿನ್ನ ಸಲುವಾಗಿ. ಗುಡ್ಡದ ಸಲುವಾಗಿ ಅಲ್ಲ,” ಎಂದು ಅವಳ ಸೆರಗಿನಿಂದಲೇ ಅವಳ ಕಣ್ಣು ಒರೆಸಿದ. ಅಷ್ಟರಲ್ಲಿ ಜೀಪಿನ ಹಾರ್ನ್ ಕೇಳಿತು. ಹುಡುಗ ಹೊರಗೆ ಓಡಿ ಮಡ್‌ಗಾರ್ಡ್ ಹತ್ತಿದ.

ಶಾಲೆಯ ಪ್ರಾರ್ಥನೆ ಮುಗಿಯುವ ಹೊತ್ತಿಗೆ ಸುದ್ದಿ ಬಂತು. ಹುಣಸೆ ಮರದ ತಿರುವಿನಲ್ಲಿ ಜೀಪಿನ ಮುಂದಿನ ಗಾಲಿ ಕುಣಿಗೆ ಬಿದ್ದು, ಪ್ರಬುದ್ಧ ಕೆಳಗೆ ಬಿದ್ದಿದ್ದ. ಜೀಪು ಅವನ ಮೇಲೆ ಹಾದು, ರಸ್ತೆ ಪಕ್ಕದ ಕಲ್ಲಿಗೆ ಎಡಗಡೆ ಗುದ್ದಿ ನಿಂತಿತ್ತು. ಒಳಗಿದ್ದವರಿಗೆ ತರಚಿದ ಗಾಯ ಬಿಟ್ಟರೆ ಏನೂ ಆಗಿರಲಿಲ್ಲ. ಏನಾಯಿತೆಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ, ಎಲ್ಲರೂ ಕಣ್ಣು ಮುಚ್ಚಿ ಕೈ ಮುಗಿಯುತ್ತಿದ್ದರು. ಆಸ್ಪತ್ರೆಯ ಮುಂದೆ ಜನ ಮುತ್ತಿಕೊಂಡಾಗ ಬೆನಕಪ್ಪ ಒಂದೇ ಮಾತು ಹೇಳಿದ.

“ಹಿಡಿಕಿ ಕಿತ್ಕಂಡು ಬಂತ್ರಿ. ಹಿಡಿದಂಗ ಬಿದ್ದ.”

ಆ ಮಾತು ಪಕ್ಕೀರಮ್ಮನ ಕಿವಿಗೆ ಬಿದ್ದಾಗ ಅವಳು ನೆಲದ ಮೇಲೆ ಕೂತಿದ್ದಳು. ಎದ್ದು ಗಂಡನ ಮುಂದೆ ಬಂದು ನಿಂತಳು. “ಊರ ಮಂದಿಗೆಲ್ಲ ಗಟ್ಟಿ ಹಾಕಿ, ನನ್ನ ಮಗನಿಗೆ ಪೊಳ್ಳು ಹಾಕಿದೆಲ್ಲೋ,” ಎಂದಳು. ಕಿರುಚಲಿಲ್ಲ, ಮೆಲ್ಲಗೇ ಹೇಳಿದಳು. ಅಷ್ಟು ಜನರ ನಡುವೆ ಹುಲುಗಪ್ಪ ಗುದ್ದಿಸಿಕೊಂಡವನಂತೆ ಎದೆ ಹಿಡಿದುಕೊಂಡ.

ಮಗನನ್ನು ಮಣ್ಣಿಗೆ ಇಟ್ಟು ಬಂದ ಮೇಲೆ ಅವನಿಗೆ ಒಂದೇ ಯೋಚನೆ. ಆ ಹಿಡಿಕೆ ಹಾಕಿದ ದಿನ ಗ್ಯಾಸ್ ಕಡಿಮೆ ಇತ್ತೇ, ತಗಡಿನ ಬಣ್ಣ ಪೂರಾ ಕೆರೆದಿದ್ದೆನೇ, ಹಗ್ಗ ಕಟ್ಟಿ ಜಗ್ಗಿಸಿದ್ದೆನೇ ಇಲ್ಲವೇ. ನನ್ನನ್ನೂ ಕೇಳುತ್ತಿದ್ದ. ಜಗ್ಗಿಸಿದ್ದೆ, ನಾನೂ ಹಗ್ಗ ಹಿಡಿದಿದ್ದೆ ಎಂದರೆ, ಅದು ಬೇರೆ ಜೀಪಿರಬೇಕು ಎನ್ನುತ್ತಿದ್ದ. ಅನ್ನ ಬಿಟ್ಟ. ಡ್ರೈವರುಗಳು ಒಬ್ಬೊಬ್ಬರೇ ಬಂದು, ತಲೆ ತಗ್ಗಿಸಿ, ತಮ್ಮ ಜೀಪಿನ ಹಿಡಿಕೆ ತೆಗೆಸಿಕೊಂಡು ಹೋದರು. ಅವನೇ ಬೆಸೆದದ್ದನ್ನು ಅವನೇ ಕೊಯ್ದು ಕೊಟ್ಟ. ಒಂದೂ ಸುಲಭಕ್ಕೆ ಬರಲಿಲ್ಲ, ಆದರೂ ಅವನಿಗೆ ಅದರಿಂದ ಸಮಾಧಾನವಾಗಲಿಲ್ಲ.

ಪೊಲೀಸರು ಬೆನಕಪ್ಪನ ಜೀಪು ಬಿಟ್ಟಾಗ, ಅವನು ಅದನ್ನು ದಾವಣಗೆರೆಗೆ ಒಯ್ದು ಹೊಸ ಮಡ್‌ಗಾರ್ಡ್ ಹಾಕಿಸುವವನಿದ್ದ. ಹುಲುಗಪ್ಪ ರಸ್ತೆಯಲ್ಲೇ ಅಡ್ಡ ನಿಂತ.

“ಇದನ್ನ ನಾನ ಬಿಚ್ಚಬೇಕು ಬೆನಕಪ್ಪ. ನನ್ನ ಕೆಲಸ ನಾನ ನೋಡಬೇಕು.”

ಬೆನಕಪ್ಪನ ಮುಖ ಸುಣ್ಣದ ಹಾಗಾಯಿತು. ಜೀಪನ್ನು ಶೆಡ್ಡಿನ ಕಡೆ ತಿರುಗಿಸಿದ.

ಶೆಡ್ಡಿನ ಬಾಗಿಲು ಮುಂದೆಳೆದು ಹುಲುಗಪ್ಪ ಕೆಲಸಕ್ಕೆ ಇಳಿದ. ನಾನು ಬೋಲ್ಟು ಬಿಚ್ಚುವ ಪಾನಾ ಕೊಡುತ್ತ ಪಕ್ಕದಲ್ಲಿದ್ದೆ, ಬೆನಕಪ್ಪ ಬೆಂಚಿನ ತುದಿಯಲ್ಲಿ ಕೂತಿದ್ದ. ಕಲ್ಲಿಗೆ ಗುದ್ದಿದ ರಭಸಕ್ಕೆ ಮಡ್‌ಗಾರ್ಡಿನ ತಗಡು ಮಡಿಚಿ ಹಿಡಿಕೆಯ ಮೇಲೆ ಮುಚ್ಚಿಕೊಂಡಿತ್ತು, ಹೊರಗಿನಿಂದ ಏನೂ ಕಾಣುತ್ತಿರಲಿಲ್ಲ. ಬಾನೆಟ್ ಎತ್ತಿ ಕಟ್ಟಿದ. ಮಡ್‌ಗಾರ್ಡಿಗೆ ಕೂರಿಸಿದ್ದ ಅದರ ಕೊಂಡಿ ಬಿಚ್ಚಿದ, ಸೈಡ್ ಲೈಟಿನ ವೈರ್ ಬಿಡಿಸಿ ತುದಿಗೆ ಗಂಟು ಹಾಕಿದ. ಬೋಲ್ಟುಗಳೆಲ್ಲ ಕೆಸರು ಕುಡಿದು ತುಕ್ಕು ಹಿಡಿದಿದ್ದವು. ಸೀಮೆಎಣ್ಣೆ ಬಿಟ್ಟು, ಅದು ಇಳಿಯುವವರೆಗೆ ಮೊಣಕಾಲ ಮೇಲೆ ಕೈಯಿಟ್ಟು ಕಾದ. ಬಾಡಿಯ ಕಡೆಯವು ಬಂದವು, ಮುಂದಿನ ಜಾಲರಿಯ ಕಡೆಯ ಎರಡು ಬರಲಿಲ್ಲ. ಅವನ್ನು ಉಳಿಯಿಂದ ಕಡಿದ. ಬೇರೆ ದಿನವಾಗಿದ್ದರೆ ಇಷ್ಟು ಹೊತ್ತಿಗೆ ಹತ್ತು ಸಲ ಆ ಬೋಲ್ಟುಗಳ ತಾಯಿತಂದೆಯನ್ನು ನೆನೆದಿರುತ್ತಿದ್ದ.

ಮಡ್‌ಗಾರ್ಡ್ ಬಿಡಿಸಿ ನೆಲಕ್ಕಿಟ್ಟು, ಮಡಿಚಿದ ತಗಡನ್ನು ಸ್ವಲ್ಪಸ್ವಲ್ಪವೇ ಎಬ್ಬಿಸಿದ. ಒಳಗೆ ಹಿಡಿಕೆ ಇತ್ತು. ಸುತ್ತಿದ ಸೈಕಲ್ ಟ್ಯೂಬ್ ಕೂಡ ಹಾಗೇ ಇತ್ತು. ಕಲ್ಲಿನ ಪೆಟ್ಟಿಗೆ ಕಂಬಿ ಒಳಕ್ಕೆ ಬಾಗಿತ್ತು, ಬೆಸುಗೆ ಎರಡೂ ಕಡೆ ಕೂದಲೆಳೆಯಷ್ಟೂ ಬಿಟ್ಟಿರಲಿಲ್ಲ. ಹುಲುಗಪ್ಪ ಕಾಲಿನಿಂದ ತಗಡು ಅದುಮಿ, ಎರಡೂ ಕೈಯಲ್ಲಿ ಹಿಡಿಕೆ ಹಿಡಿದು ಜಗ್ಗಿದ. ನಾನೂ ಜಗ್ಗಿದೆ. ಅದು ಅಲ್ಲಾಡಲಿಲ್ಲ.

ನನಗೆ ಎಷ್ಟು ಸಂತೋಷವಾಯಿತೆಂದರೆ, ಆ ಹೊತ್ತಿನಲ್ಲಿ ಸಂತೋಷಪಡುವುದು ತಪ್ಪೆಂದೂ ಹೊಳೆಯಲಿಲ್ಲ. ಬೆನಕಪ್ಪನ ಕೊರಳಪಟ್ಟಿ ಹಿಡಿದು ಎಬ್ಬಿಸಿದೆ. ಅವನು ಬಿಡಿಸಿಕೊಳ್ಳಲೂ ನೋಡಲಿಲ್ಲ, ಹುಲುಗಪ್ಪನ ಕಾಲ ಹತ್ತಿರ ಕುಕ್ಕರಿಸಿದ.

“ನಾನೂ ಕೈ ಎತ್ತಿದ್ನೆಪ್ಪ. ಸ್ಟೇರಿಂಗ್ ಬಿಟ್ಟಾಗ ಗಾಲಿ ಕುಣಿಗಿ ಹೋತು. ಪೊಲೀಸ್ರಿಗೆ ಅಂಜಿ ಹಿಡಿಕಿ ಮ್ಯಾಲ ಹಾಕಿದ್ನಿ. ನೀ ಏನ ಮಾಡಿದ್ರೂ ಮಾಡು ನನಗ.”

“ಅವನು ಹಿಡಿಕಿ ಹಿಡಿದಿದ್ದಿಲ್ಲೇನು?” ಎಂದು ಹುಲುಗಪ್ಪ ಕೇಳಿದ.

“ಇಲ್ಲ. ಎರಡೂ ಕೈ ಜೋಡಿಸಿದ್ದ. ಯಾವತ್ತೂ ಮುಗಿಯಲಾರದಾತ ಇವತ್ತ ಮುಗಿಯಾಕತ್ಯಾನಲ್ಲ ಅಂತ ನಾ ಅವನ್ನ ನೋಡಿದ್ನಿ. ನಗಾಕತ್ತಿದ್ದ.”

ಹುಲುಗಪ್ಪ ನೆಲದ ಮೇಲೆ ಕೂತುಬಿಟ್ಟ. ನಾನು ತಡೆಯಲಾರದೆ ಮಾತಾಡಿದೆ: ಈ ಹಿಡಿಕೆಯನ್ನು ಹೀಗೇ ಎತ್ತಿಕೊಂಡು ಹೋಗಿ ಬಸ್‌ಸ್ಟ್ಯಾಂಡಿನಲ್ಲಿ ತೋರಿಸೋಣ, ಮೊದಲು ಮನೆಗೆ ಹೋಗಿ ಪಕ್ಕೀರಮ್ಮನಿಗೆ ತೋರಿಸೋಣ, ನಿನ್ನ ತಪ್ಪಿಲ್ಲ ಎಂದು ಅವಳಿಗೆ ಗೊತ್ತಾಗಲಿ.

“ಆಕಿಗೆ ಏನಂತ ಹೇಳ್ಲಿ ಮಂಜಣ್ಣ?” ಎಂದ ಅವನು. “ನೀ ಎರಡೂ ಕೈ ಜೋಡಿಸು ಅಂದಿ, ಜೋಡಿಸಿದ, ಸತ್ತ. ಹಿಂಗ ಹೇಳ್ಲ್ಯಾ?”

ಆಗ ನನಗೆ ತಿಳಿಯಿತು. ಆ ಬೆಳಿಗ್ಗೆಯ ಮಾತು ನಾನೂ ಕೇಳಿದ್ದೆನಲ್ಲ. ನನ್ನ ಸಂತೋಷವೆಲ್ಲ ಜರ್ರನೆ ಇಳಿದುಹೋಯಿತು.

ಅವನು ಎದ್ದು ಗ್ಯಾಸ್ ಹಚ್ಚಿದ. ಬೆಸುಗೆಯ ಒಂದೊಂದು ತುದಿಯನ್ನೂ ಕೆಂಪಗೆ ಕಾಸಿ, ಸುತ್ತಿಗೆಯಿಂದ ಹೊಡೆದು ಹಿಡಿಕೆಯನ್ನು ಕಿತ್ತ. ಗರಗಸದಲ್ಲಿ ಕೊಯ್ದರೆ ಕೊಯ್ದದ್ದು ಗೊತ್ತಾಗುತ್ತದೆ, ಹೀಗೆ ಮಾಡಿದರೆ ಬಿಟ್ಟ ಹಾಗೆ ಕಾಣುತ್ತದೆ. ಜೀವಮಾನವಿಡೀ ಬಿಡದ ಬೆಸುಗೆ ಹಾಕಲು ಕಲಿತವನು ಬಿಟ್ಟ ಬೆಸುಗೆಯನ್ನು ತಯಾರು ಮಾಡಿದ. ನಾನು ಅತ್ತೆ, ಬೆನಕಪ್ಪನೂ ಅತ್ತ. ಹುಲುಗಪ್ಪ ಅಳಲಿಲ್ಲ.

“ಹಿಡಿಕಿ ಬಿಡ್ತು ಅಂತ ಹೇಳೀಯಲ್ಲ, ಹಂಗ ಹೇಳ್ಕೆಂತ ಹೋಗು,” ಎಂದು ಬೆನಕಪ್ಪನಿಗೆ ಹೇಳಿದ. ನನ್ನ ಕಡೆ ತಿರುಗಿ, “ನಿನ್ನ ಬಾಯಿ ದೊಡ್ಡದು ಮಂಜಣ್ಣ. ಆಕಿ ಇರೋವರೆಗೂ ಮುಚ್ಚು,” ಎಂದ.

ಆಮೇಲೆ ಹೊಸ ಮಡ್‌ಗಾರ್ಡ್ ಕೂರಿಸಿದ. ಬಾಡಿಗೂ ತಗಡಿಗೂ ನಡುವೆ ಕ್ಯಾನ್ವಾಸ್ ಪಟ್ಟಿ ಇಟ್ಟ. ಬೋಲ್ಟುಗಳನ್ನೆಲ್ಲ ಮೊದಲು ಸಡಿಲವಾಗಿ ಏರಿಸಿ, ಬಾನೆಟ್ ಇಳಿಸಿ, ಸಂದು ಹಿಂದೆಮುಂದೆ ಒಂದೇ ಸಮ ಇದೆಯೇ ಎಂದು ಬಗ್ಗಿ ನೋಡಿ, ಒಂದೊಂದನ್ನೇ ಬಿಗಿ ಮಾಡುತ್ತ ಬಂದ. ಸೈಡ್ ಲೈಟ್ ಹಚ್ಚಿ ನೋಡಿದ. ಮಗನನ್ನು ಕೊಂದ ಗಾಡಿಗೆ ಅಷ್ಟು ಚೊಕ್ಕ ಕೆಲಸ ಮಾಡುವುದನ್ನು ನೋಡಿ ನನಗೆ ಸಿಟ್ಟೂ ಬಂತು. ಅವನಿಗೆ ಬೇರೆ ರೀತಿ ಕೆಲಸ ಮಾಡಲು ಬರುತ್ತಿರಲಿಲ್ಲ, ಅಷ್ಟೆ. ಆ ಹೊಸ ತಗಡಿನ ಮೇಲೆ ‘ಇಲ್ಲಿ ಕೂರಬಾರದು’ ಎಂದು ನನ್ನಿಂದ ದಪ್ಪಕ್ಷರದಲ್ಲಿ ಬರೆಸಿದ. ದಸರೆ ಬರುವಷ್ಟರಲ್ಲಿ ಜನ ಆ ಅಕ್ಷರಗಳ ಮೇಲೆಯೇ ಕೂತು ಅವನ್ನು ಅಳಿಸಿಹಾಕಿದ್ದರು.

ಕಿತ್ತ ಹಿಡಿಕೆಯನ್ನು ಅವತ್ತೇ ಪಕ್ಕೀರಮ್ಮನ ಮುಂದೆ ಇಟ್ಟ. “ವೆಲ್ಡಿಂಗ್ ಬಿಟ್ಟಿತ್ತು,” ಎಂದ. ಅವಳು ಅದನ್ನು ತಿರುಗಿಸಿ ನೋಡಿ ಅಂಗಳಕ್ಕೆ ಎಸೆದಳು.

ಆ ಮೇಲೆ ಜೀಪುಗಳು ಅವನ ಶೆಡ್ಡಿನ ಮುಂದೆ ನಿಲ್ಲಲಿಲ್ಲ. ಯಾರು ನಿಲ್ಲಿಸುತ್ತಾರೆ, ಸ್ವಂತ ಮಗನಿಗೆ ಹಾಕಿದ್ದೇ ನಿಲ್ಲದವನ ಹತ್ತಿರ. ಟ್ರಂಕಿನ ಚಿಲಕ, ಬಕೇಟಿನ ತಳ, ಕಾಳಿನ ಡಬ್ಬ ಇಂಥವು ಬಂದವು. ಬಡಿತದ ಸದ್ದು ಕಡಿಮೆಯಾಗಿ ನನ್ನ ಗೆರೆಗಳು ನೆಟ್ಟಗೆ ಬರತೊಡಗಿದವು, ಅದಕ್ಕೆ ನನಗೆ ದುಃಖವೇ ಆಗುತ್ತಿತ್ತು. ಮನೆಯಲ್ಲಿ ಪಕ್ಕೀರಮ್ಮ ಅವನಿಗೆ ಹೊತ್ತುಹೊತ್ತಿಗೆ ಉಣ್ಣಲಿಕ್ಕೆ ಇಡುತ್ತಿದ್ದಳು, ಮಾತು ಮಾತ್ರ ಬೈಯಲಿಕ್ಕಷ್ಟೇ. ಬೈದಷ್ಟೂ ಹೊತ್ತು ಅವಳು ಗಟ್ಟಿಯಾಗಿರುತ್ತಿದ್ದಳು. ಹುಣ್ಣಿಮೆಗೆ ಗುಡ್ಡಕ್ಕೆ ಹೋಗುವುದನ್ನು ಬಿಡಲಿಲ್ಲ, ಹುಣಸೆ ಮರದ ತಿರುವಿನಲ್ಲಿ ಎಲ್ಲರಿಗಿಂತ ಮೊದಲು ಕೈ ಮುಗಿಯುತ್ತಿದ್ದಳು.

ಒಂದು ದಿನ ನಳದ ಹತ್ತಿರ ಅವಳು ನನಗೆ ಸಿಕ್ಕು, ತಾನಾಗಿಯೇ ಹೇಳಿದಳು.

“ವೆಲ್ಡಿಂಗ್ ಬಿಟ್ಟಿದ್ದು ನೆಪ ಮಂಜಣ್ಣ. ಅವನು ಹಿಡಿಕಿ ಹಿಡಕಂಡ ಬಿದ್ದ ಅಂದ್ರ, ಕೈ ಮುಗಿದಿಲ್ಲ ಅಂತಾತಲ್ಲ. ನನಗ ಮಾತು ಕೊಟ್ಟು ತಪ್ಪಿಸಿದ. ಅದಕ್ಕ ಆಯಮ್ಮ ಮುನಿದಳು.”

ನಿಜ ನನ್ನ ನಾಲಿಗೆಯ ತುದಿಗೆ ಬಂದಿತ್ತು. ಕಚ್ಚಿಕೊಂಡು ಶೆಡ್ಡಿಗೆ ಬಂದು ಹುಲುಗಪ್ಪನ ಮೇಲೆ ಹರಿಹಾಯ್ದೆ. ನಿನ್ನ ಸುಳ್ಳು ಒಂದು ಗಾಯ ಮುಚ್ಚಲು ಹೋಗಿ ಇನ್ನೊಂದು ಮಾಡಿದೆ, ಮಗ ಮಾತು ತಪ್ಪಿದ ಎಂದು ಅವಳು ಒಳಗೊಳಗೇ ಕೊರಗುತ್ತಿದ್ದಾಳೆ ಎಂದೆ.

ಅವನು ಬಕೇಟಿನ ತಳ ತಿರುಗಿಸುತ್ತ ಕೂತಿದ್ದ. “ನನ್ನ ಬೈಕಳ್ಳಿ, ಮಗನ್ನ ಬೈಕಳ್ಳಿ, ದೇವರನ್ನ ಬೇಕಾದ್ರ ಬೈಕಳ್ಳಿ,” ಎಂದ. “ತನ್ನ ತಾನು ಬೈಕಂಡ್ರ ಉಳಿಯಂಗಿಲ್ಲ ಆಕಿ.”

ಪಕ್ಕೀರಮ್ಮ ಹಾಸಿಗೆ ಹಿಡಿದಾಗ ಸುಮಂಗಲಾ ಹಗರಿಬೊಮ್ಮನಹಳ್ಳಿಯಿಂದ ಬಂದು ನಿಂತಳು. ನಾನು ದಿನಾ ಸಂಜೆ ಹೋಗಿ ಬರುತ್ತಿದ್ದೆ. ಒಂದು ಸಂಜೆ ಸುಮಂಗಲಾ ಗಂಜಿ ಕಾಸಲು ಒಳಗಿದ್ದಳು, ಹುಲುಗಪ್ಪ ಹೆಂಡತಿಯ ಕಾಲ ಹತ್ತಿರ ಕೂತಿದ್ದ. ಅವಳ ಉಸಿರು ಆಗಲೇ ಸಣ್ಣದಾಗಿತ್ತು.

“ಒಂದ ಮಾತು ಕೇಳ್ತೀನಿ,” ಎಂದಳು. “ಬೆನಕಪ್ಪ ಆವತ್ತು ಮುಂದ ನೋಡ್ತಿದ್ನಲ್ಲ. ಹುಡುಗ ಕೈ ಮುಗಿದಿದ್ದಿಲ್ಲೇನು?”

ಹುಲುಗಪ್ಪ ನನ್ನನ್ನು ನೋಡಿದ. ಈಗಲಾದರೂ ಹೇಳಿಬಿಡುತ್ತಾನೆ ಎಂದುಕೊಂಡೆ. ಹೇಳಲಿ ಎಂದು ಬಯಸಿದೆನೋ, ಬೇಡವೆಂದು ಬಯಸಿದೆನೋ, ನನಗೇ ಗೊತ್ತಿಲ್ಲ.

“ಮುಗಿದಿದ್ದ,” ಎಂದ ಅವನು.

“ಹೆಂಗ ಮುಗೀತಾನ? ಹಿಡಿಕಿ ಹಿಡಿದಿದ್ದ ಅಂತಿ.”

“ಒಂದ ಕೈಲೆ ಮುಗಿದಿದ್ದ. ಬಲಗೈ ಎದಿಮ್ಯಾಲ ಇಟ್ಕಂಡಿದ್ನಂತ. ನಗಾಕತ್ತಿದ್ನಂತ. ಬೆನಕಪ್ಪನ ಹೇಳ್ಯಾನ. ಎಡಗೈಯಾಗ ಹಿಡಿಕಿ ಇತ್ತು, ಅದು ಬಿಡ್ತು.”

ಅವಳ ಕಣ್ಣಿನಿಂದ ನೀರು ಕಿವಿಯ ಕಡೆ ಇಳಿಯಿತು.

“ಒಂದ ಕೈಲಾದ್ರೂ ಮುಗಿದ ನನ್ನ ಮಗ,” ಎಂದಳು. “ಚಲೋ ಹಿಡಿಕಿ ಇದ್ದಿದ್ರ ಉಳೀತಿದ್ದ ನೋಡು.”

“ಹೌದು. ನನ್ನ ತಪ್ಪು ಅದು,” ಎಂದ ಹುಲುಗಪ್ಪ.

ಅವಳು ಕೈ ಚಾಚಿ ಅವನ ಕೈ ಹುಡುಕಿ ಹಿಡಿದುಕೊಂಡಳು. ಅಷ್ಟು ವರ್ಷಗಳಲ್ಲಿ ಅವಳು ಅವನನ್ನು ಮುಟ್ಟಿದ್ದನ್ನು ನಾನು ಕಂಡಿರಲಿಲ್ಲ.

“ಹೋಗ್ಲಿ ಬಿಡು,” ಎಂದಳು. “ಬೇಕಂತ ಮಾಡಿದ್ದಲ್ಲಲ್ಲ.”